ಕಾಸರಗೋಡಿನ ಸೇವಾಸಂಸ್ಥೆಯಲ್ಲಿ ಇಂಟರ್ನ್‌ಶಿಪ್: ಅರ್ಜಿಯಿಂದ ವರದಿಯವರೆಗೆ

ಪದವಿ ತರಗತಿಗಳಲ್ಲಿ ಇಂಟರ್ನ್‌ಶಿಪ್ ಪಠ್ಯದ ಭಾಗವಾದ ಮೇಲೆ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕನ್ನಡ ವಿದ್ಯಾರ್ಥಿಗಳು ಸೇವಾಸಂಸ್ಥೆಗಳನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿದೆ. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರಲ್ಲಿ ಆರಂಭವಾದ ನಾಲ್ಕು ವರ್ಷದ ಪದವಿಯಲ್ಲಿ ಇದಕ್ಕೆ ಕ್ರೆಡಿಟ್ ಇದೆ. ಮಂಗಳೂರಿನ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳಂತೂ ಕ್ಷೇತ್ರಕಾರ್ಯಕ್ಕೆಂದು ಮೊದಲಿನಿಂದಲೂ ಗಡಿಯ ತಲಪಾಡಿ ದಾಟಿ ಬರುತ್ತಿದ್ದಾರೆ. ಬರುವವರಲ್ಲಿ ಕೆಲವರು ಸರ್ಟಿಫಿಕೇಟು ಸುಲಭದಲ್ಲಿ ಸಿಗುತ್ತದೆಂದು ಬರುತ್ತಾರೆ, ಇನ್ನು ಕೆಲವರು ಸಮಾಜಸೇವೆಯ ಉತ್ಸಾಹದಿಂದ ಬರುತ್ತಾರೆ. ಇಬ್ಬರೂ ಮೊದಲ ವಾರದಲ್ಲೇ ಸಪ್ಪಗಾಗುತ್ತಾರೆ, ಏಕೆಂದರೆ ಅಲ್ಲಿ ಕಾಣಸಿಗುವುದು ಹೆಚ್ಚಾಗಿ ರಿಜಿಸ್ಟರು, ಫೋನು, ಪಂಚಾಯತು ಕಚೇರಿಯ ಬೆಂಚಿನಲ್ಲಿ ಕಾಯುವುದು ಮತ್ತು ತಿಂಗಳ ಕೊನೆಗೆ ಬರೆಯಬೇಕಾದ ವರದಿ.

ಈ ಲೇಖನದಲ್ಲಿ ಪ್ರತಿ ಹಂತದಲ್ಲಿ ಏನು ಕೇಳಬೇಕು, ಏನು ಮಾಡಬೇಕು, ಏನನ್ನು ಮಾಡಬಾರದು ಎಂಬುದನ್ನು ಹೇಳಿದೆ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಈ ಜಿಲ್ಲೆಯ ಬಹಳಷ್ಟು ಮನೆಗಳು ಸರ್ವೆಗಳಿಗೆ ಉತ್ತರ ಕೊಟ್ಟು ಕೊಟ್ಟು ದಣಿದಿವೆ. ಆದ್ದರಿಂದ ಇಲ್ಲಿ ಇಂಟರ್ನ್ ಎಷ್ಟು ಫಾರಂ ತುಂಬಿಸಿದರು ಎನ್ನುವುದಕ್ಕಿಂತ, ಎಲ್ಲೋ ನಿಂತುಹೋಗಿದ್ದ ಎಷ್ಟು ಕಾಗದಪತ್ರಗಳು ಅವರಿಂದಾಗಿ ಮುಂದಕ್ಕೆ ಸರಿದವು ಎನ್ನುವುದೇ ಮುಖ್ಯವೆಂದು ನಾನು ತಿಳಿದಿದ್ದೇನೆ. ಮುಂದೆ ಹೇಳುವ ಸಲಹೆಗಳೆಲ್ಲ ಇದೇ ನಂಬಿಕೆಯಿಂದ ಬಂದವು.

ಸಂಸ್ಥೆಯನ್ನು ಆರಿಸುವುದು

ಜಿಲ್ಲೆಯಲ್ಲಿ ಕೆಲಸ ಮಾಡುವ ಸಂಸ್ಥೆಗಳಲ್ಲಿ ಹಲವು ಬಗೆಗಳಿವೆ: ಹಾಸಿಗೆ ಹಿಡಿದವರ ಮನೆಗೆ ಹೋಗುವ ಪಾಲಿಯೇಟಿವ್ ಘಟಕಗಳು, ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮತ್ತು ಅಂಗವಿಕಲರ ನಡುವೆ ದುಡಿಯುವವರು, ಕೊರಗ ಸಮುದಾಯದ ಮಕ್ಕಳ ಓದನ್ನು ನೋಡಿಕೊಳ್ಳುವವರು, ಸುರಂಗ, ಮದಕಗಳಂತಹ ಜಲಮೂಲಗಳನ್ನು ಉಳಿಸಲು ಹೊರಟವರು, ಮಹಿಳೆಯರ ಗುಂಪುಗಳಿಗೆ ತರಬೇತಿ ಕೊಡುವವರು. ಇವರ ಜೊತೆಗೆ, ನೋಡುವುದಕ್ಕೆ ಸೇವಾಸಂಸ್ಥೆಯ ಹಾಗೆಯೇ ಕಂಡರೂ ಸರ್ಕಾರಿ ವ್ಯವಸ್ಥೆಗೆ ಸೇರಿದವು ಕೆಲವಿವೆ. 1998ರಲ್ಲಿ ಆರಂಭವಾದ ಕುಟುಂಬಶ್ರೀ ರಾಜ್ಯ ಸರ್ಕಾರದ ಬಡತನ ನಿರ್ಮೂಲನ ಮಿಷನ್. ಬೌದ್ಧಿಕ ಸವಾಲುಗಳಿರುವ ಮಕ್ಕಳ ಬಡ್ಸ್ ಶಾಲೆಗಳನ್ನು ನಡೆಸುವುದು ಸ್ಥಳೀಯಾಡಳಿತ ಸಂಸ್ಥೆಗಳು. ಇವುಗಳಲ್ಲಿಯೂ ಕಲಿಯುವುದಕ್ಕೆ ಬೇಕಾದಷ್ಟಿದೆ, ಆದರೆ ಅನುಮತಿಗೆ ಹೋಗಬೇಕಾದ ಕಚೇರಿ ಬೇರೆ. ಇದು ತಿಳಿಯದೆ ಶಾಲೆಯ ಟೀಚರರ ಬಳಿ ಅರ್ಜಿ ಕೊಟ್ಟು, ಅವರು ಅದನ್ನು ಪಂಚಾಯತಿಗೆ ಕಳಿಸಿ, ಅಲ್ಲಿಂದ ಉತ್ತರ ಬರುವಷ್ಟರಲ್ಲಿ ರಜೆ ಮುಗಿದಿರುವುದುಂಟು.

ಸಂಸ್ಥೆಯ ಹೆಸರು ಕೇಳಿದ ಕೂಡಲೇ ಅದರ ನೋಂದಣಿಯನ್ನು ವಿಚಾರಿಸಬೇಕು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, ಕೇರಳ ರಚನೆಯಾದಾಗ ಮಲಬಾರಿಗೆ ಸೇರಿದ ಈ ಭಾಗದಲ್ಲಿ ಸೊಸೈಟಿಗಳು 1860ರ ಸೊಸೈಟಿ ನೋಂದಣಿ ಕಾಯಿದೆಯಡಿ ನೋಂದಾಯಿತವಾಗುತ್ತವೆ, ತಿರುವಾಂಕೂರು-ಕೊಚ್ಚಿ ಭಾಗಕ್ಕೆ 1955ರ ಬೇರೆ ಕಾಯಿದೆ ಇದೆ, ಕರ್ನಾಟಕದಲ್ಲಿ 1960ರ ರಾಜ್ಯ ಕಾಯಿದೆ ನಡೆಯುತ್ತದೆ. ಟ್ರಸ್ಟು ಅಥವಾ ಕಂಪನಿ ಕಾಯಿದೆಯ 8ನೇ ಸೆಕ್ಷನ್ನಿನ ಕಂಪನಿಯೂ ಆಗಿರಬಹುದು. ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲಿ ಸಂಸ್ಥೆಗೆ ಗುರುತಿನ ಸಂಖ್ಯೆ ಇದೆಯೇ, ಕಳೆದ ವರ್ಷದ ಲೆಕ್ಕಪರಿಶೋಧನೆ ಆಗಿದೆಯೇ, ವಿದೇಶಿ ಹಣ ಬರುವುದಾದರೆ 2010ರ ವಿದೇಶಿ ದೇಣಿಗೆ ಕಾಯಿದೆಯ ನೋಂದಣಿ ಈಗಲೂ ಊರ್ಜಿತದಲ್ಲಿದೆಯೇ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಹೇಗೂ ನಿಮ್ಮ ವರದಿಯ ಮೊದಲ ಅಧ್ಯಾಯಕ್ಕೆ ಇವೆಲ್ಲ ಬೇಕು. ಅದಕ್ಕಿಂತ ಮುಖ್ಯವಾಗಿ, ಹಣ ಎಲ್ಲಿಂದ ಬರುತ್ತದೆಂಬುದು ತಿಳಿದರೆ ಸಂಸ್ಥೆ ಯಾಕೆ ಇಂಥದೇ ಕೆಲಸವನ್ನು ಇದೇ ತಿಂಗಳು ಮುಗಿಸಲು ಒದ್ದಾಡುತ್ತಿದೆ ಎಂಬುದು ಅರ್ಥವಾಗುತ್ತದೆ. 2013ರ ಕಂಪನಿ ಕಾಯಿದೆಯ 135ನೇ ಸೆಕ್ಷನ್ನಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣದ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುವುದರಿಂದ ಸಣ್ಣ ಸಂಸ್ಥೆಗಳಲ್ಲಿ ಫೆಬ್ರವರಿ, ಮಾರ್ಚ್ ಎಂದರೆ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ.

ಇಂಟರ್ನ್‌ಶಿಪ್ ಕೊಡುವುದಕ್ಕೆ ನಿಮ್ಮಿಂದಲೇ ಶುಲ್ಕ ಕೇಳುವ, ಕ್ಷೇತ್ರಕ್ಕೆ ಹೋಗದೆ ಮನೆಯಲ್ಲಿ ಕುಳಿತಲ್ಲಿಗೇ ಸರ್ಟಿಫಿಕೇಟು ಕಳಿಸುತ್ತೇವೆ ಎನ್ನುವ, ಅಥವಾ ಇಷ್ಟು ಜನರಿಂದ ದೇಣಿಗೆ ಸಂಗ್ರಹಿಸಿದರೆ ಮಾತ್ರ ಸರ್ಟಿಫಿಕೇಟು ಎನ್ನುವ ಕಡೆಗೆ ತಲೆಹಾಕದಿರುವುದು ಒಳ್ಳೆಯದು.

ಅರ್ಜಿ ಮತ್ತು ಲಿಖಿತ ಒಪ್ಪಿಗೆ

ಕಾಲೇಜಿನ ಶಿಫಾರಸು ಪತ್ರದ ಜೊತೆಗೆ ಒಂದು ಪುಟ ಮೀರದ ಅರ್ಜಿ ಸಾಕು. ಅದರಲ್ಲಿ ಬಾಲ್ಯದಿಂದಲೂ ಸೇವೆಯಲ್ಲಿ ಆಸಕ್ತಿ ಎಂಬ ಮಾತಿಗಿಂತ, ಯಾವ ಭಾಷೆಗಳನ್ನು ಮಾತನಾಡಬಲ್ಲಿರಿ, ಯಾವುದನ್ನು ಓದಿ ಬರೆಯಬಲ್ಲಿರಿ, ಎಕ್ಸೆಲ್ ಬರುತ್ತದೆಯೇ, ಸ್ಕೂಟರ್ ಲೈಸೆನ್ಸ್ ಇದೆಯೇ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇರುತ್ತೀರಿ ಎಂಬ ವಿವರಗಳು ಸಂಸ್ಥೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ತುಳು ಅಥವಾ ಬ್ಯಾರಿ ಬರುವುದಾದರೆ ಅದನ್ನು ತಪ್ಪದೆ ಬರೆಯಿರಿ. ಎಣ್ಮಕಜೆಯಲ್ಲಿ ಮರಾಟಿ ಮನೆಗಳಿವೆ, ಉಪ್ಪಳದಲ್ಲಿ ಉರ್ದು ಮಾತನಾಡುವವರಿದ್ದಾರೆ, ಮಂಜೇಶ್ವರದಲ್ಲಿ ಕೊಂಕಣಿ ನಡೆಯುತ್ತದೆ. ಇಂಥ ಕಡೆ ಒಂದು ಭಾಷೆ ಹೆಚ್ಚು ಬಂದಷ್ಟೂ ಸಂಸ್ಥೆಗೆ ಅನುಕೂಲ.

ಸಮಯದ ಆಯ್ಕೆಯೂ ಮುಖ್ಯ. ಏಪ್ರಿಲ್, ಮೇ ನಿಮಗೂ ರಜೆ, ಶಾಲೆಗಳಿಗೂ ರಜೆ. ಶಾಲೆಯೊಳಗಿನ ಕೆಲಸವನ್ನು ನೋಡಬೇಕೆನ್ನುವವರು ಆ ಹೊತ್ತಿನಲ್ಲಿ ಬಂದರೆ ಬೀಗ ಹಾಕಿದ ತರಗತಿಗಳನ್ನು ಕಾಣುತ್ತಾರೆ. ಜೂನ್, ಜುಲೈನ ಮಳೆಯಲ್ಲಿ ಒಳಪ್ರದೇಶದ ಮನೆಗಳಿಗೆ ಹೋಗುವುದು ನಿಧಾನ. ಬರಿಯ ಹವೆಯನ್ನೇ ನೋಡಿದರೆ ಸೆಪ್ಟೆಂಬರಿನಿಂದ ಜನವರಿವರೆಗಿನ ಕಾಲ ಹಿತ, ಆದರೆ ಎಲ್ಲರ ಕಾಲೇಜು ಅದಕ್ಕೆ ಒಪ್ಪಲಿಕ್ಕಿಲ್ಲ. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್ಪಿನ ಒಂದು ಕ್ರೆಡಿಟ್ಟಿಗೆ 30 ಗಂಟೆ. ನಿಮ್ಮ ಕೋರ್ಸಿನಲ್ಲಿ ಎಷ್ಟು ಕ್ರೆಡಿಟ್ ಎಂಬುದನ್ನು ವಿಭಾಗದಲ್ಲಿ ಕೇಳಿ ಗಂಟೆಗೆ ಪರಿವರ್ತಿಸಿಕೊಳ್ಳಿ. ಎರಡು ಕ್ರೆಡಿಟ್ಟಿನ 60 ಗಂಟೆಯಲ್ಲಿ ಒಂದು ಊರಿನ ಪರಿಚಯವಾಗುವುದೂ ಕಷ್ಟ, ಆದ್ದರಿಂದ ಸಾಧ್ಯವಾದರೆ ಗಂಟೆಗಳನ್ನು ಹತ್ತು ದಿನಕ್ಕೆ ತುರುಕದೆ, ವಾರಕ್ಕೆ ಎರಡು ದಿನದಂತೆ ಹರಡಿಕೊಳ್ಳುವುದು ಉತ್ತಮ. ಈ ಕೆಲಸದಲ್ಲಿ ಒಂದು ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಕ್ಕೇ ವಾರ ಹಿಡಿಯುತ್ತದೆ, ಹತ್ತು ದಿನ ಬಂದು ಹೋದವರಿಗೆ ಅದರ ಆರಂಭ ಮಾತ್ರ ಕಾಣುತ್ತದೆ.

ಒಪ್ಪಿಗೆಯನ್ನು ಇಮೇಲಿನಲ್ಲಾದರೂ ಬರೆಸಿಕೊಳ್ಳಬೇಕು. ನಿಮ್ಮ ಮೇಲುಸ್ತುವಾರಿ ಯಾರದು, ವಾರಕ್ಕೆ ಎಷ್ಟು ಗಂಟೆ, ಗೌರವಧನ ಇದೆಯೇ, ಇಲ್ಲವಾದರೆ ಬಸ್ಸಿನ ಖರ್ಚಾದರೂ ಕೊಡುತ್ತಾರೆಯೇ, ಕೊನೆಯಲ್ಲಿ ಕೊಡುವ ಸರ್ಟಿಫಿಕೇಟಿನಲ್ಲಿ ಗಂಟೆಗಳನ್ನು ನಮೂದಿಸುತ್ತಾರೆಯೇ ಎಂಬುದೆಲ್ಲ ಅದರಲ್ಲಿರಲಿ. ಹೆಚ್ಚಿನ ಸಣ್ಣ ಸಂಸ್ಥೆಗಳು ಗೌರವಧನ ಕೊಡುವ ಸ್ಥಿತಿಯಲ್ಲಿರುವುದಿಲ್ಲ. ಆದರೆ ಮುಳ್ಳೇರಿಯದಿಂದ ಒಳಗಿನ ಊರಿಗೆ ಬಸ್ಸು, ಅಲ್ಲಿಂದ ಆಟೋ ಹಿಡಿದು ಹೋಗುವ ವಿದ್ಯಾರ್ಥಿಯಿಂದ ಆ ಖರ್ಚನ್ನೂ ಹಾಕಿಸುವುದು ನ್ಯಾಯವಲ್ಲ, ಇದನ್ನು ಕೇಳಿ ಪಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಅವಧಿಯಲ್ಲಿ ಮುಗಿಯಬಲ್ಲ ಒಂದೇ ಒಂದು ಕೆಲಸವನ್ನು ಹೆಸರಿಸಿ ಬರೆಸಿಕೊಳ್ಳಿ. ‘ಸಮುದಾಯ ಅಭಿವೃದ್ಧಿಯಲ್ಲಿ ಸಹಕಾರ’ ಎಂದು ಬರೆದರೆ ಅದು ಫೋಟೋಕಾಪಿ ಮಾಡುವುದರಲ್ಲಿ ಮುಗಿಯುತ್ತದೆ. ‘ಎರಡು ವಾರ್ಡುಗಳಲ್ಲಿ ಅಂಗವಿಕಲ ಗುರುತಿನ ಕಾರ್ಡು ಇಲ್ಲದವರ ಪಟ್ಟಿ ಮಾಡಿ, ಅರ್ಜಿ ಹಾಕಿಸಿ, ಪ್ರತಿಯೊಂದು ಅರ್ಜಿ ಎಲ್ಲಿದೆ ಎಂಬುದನ್ನು ದಾಖಲಿಸುವುದು’ ಎಂದು ಬರೆದರೆ ಅದಕ್ಕೊಂದು ಆದಿ, ಅಂತ್ಯ ಇರುತ್ತದೆ.

ಮೊದಲ ವಾರ: ಕಚೇರಿಯಲ್ಲಿ

ಸೇರಿದ ಮರುದಿನವೇ ಫೀಲ್ಡಿಗೆ ಕಳಿಸುತ್ತೇವೆಂದರೆ ಒಪ್ಪಬೇಡಿ. ಮೊದಲು ಯೋಜನೆಯ ಪ್ರಸ್ತಾವನೆ, ಮಂಜೂರಾತಿ ಪತ್ರ ಮತ್ತು ಕಳೆದ ತ್ರೈಮಾಸಿಕ ವರದಿ, ಈ ಮೂರನ್ನೂ ಕೇಳಿ ಓದಿ. ಮೊದಲನೆಯದರಲ್ಲಿ ಸಂಸ್ಥೆ ಏನು ಮಾಡುತ್ತೇನೆಂದು ಹೇಳಿತ್ತು, ಎರಡನೆಯದರಲ್ಲಿ ಹಣ ಕೊಟ್ಟವರು ಎಷ್ಟಕ್ಕೆ ಒಪ್ಪಿದರು, ಮೂರನೆಯದರಲ್ಲಿ ನಿಜಕ್ಕೂ ಎಷ್ಟು ಆಗಿದೆ ಎಂಬುದಿರುತ್ತದೆ. ಈ ಮೂರರ ನಡುವಿನ ಅಂತರವನ್ನು ಅರ್ಥಮಾಡಿಕೊಂಡರೆ ತರಗತಿಯಲ್ಲಿ ಓದಿದ ಯೋಜನಾ ನಿರ್ವಹಣೆಯ ಪಾಠ ಅರ್ಧ ಮುಗಿದಂತೆ.

ಕರ್ನಾಟಕದ ಕಡೆಯಿಂದ ಬಂದವರು ಇಲ್ಲಿನ ವ್ಯವಸ್ಥೆಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಕೇರಳದಲ್ಲಿ ಪ್ರತಿ ವಾರ್ಡಿಗೂ ತನ್ನದೇ ಗ್ರಾಮಸಭೆ ಇದೆ, ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ರೇಷನ್ ಕಾರ್ಡುಗಳಲ್ಲಿ ಹಳದಿ ಅಂತ್ಯೋದಯದವರದು, ಗುಲಾಬಿ ಆದ್ಯತೆಯವರದು, ನೀಲಿ ಆದ್ಯತೆ ಇಲ್ಲದಿದ್ದರೂ ಸಬ್ಸಿಡಿ ಇರುವವರದು, ಬಿಳಿ ಉಳಿದವರದು. ಕುಟುಂಬಶ್ರೀಯಲ್ಲಿ ಹತ್ತರಿಂದ ಇಪ್ಪತ್ತು ಮಹಿಳೆಯರ ಅಯಲ್‌ಕೂಟ, ಅದರ ಮೇಲೆ ವಾರ್ಡು ಮಟ್ಟದ ಎಡಿಎಸ್, ಪಂಚಾಯತು ಮಟ್ಟದ ಸಿಡಿಎಸ್ ಎಂಬ ಮೂರು ಹಂತಗಳಿವೆ. ಯಾವ ಮನೆಯಲ್ಲಿ ಯಾರು ಹೇಗಿದ್ದಾರೆ ಎಂಬುದು ಎಡಿಎಸ್‌ನ ಅಕ್ಕಂದಿರಿಗೆ, ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಮೊದಲೇ ಗೊತ್ತಿರುತ್ತದೆ. ಅವರನ್ನು ಬಿಟ್ಟು ನೇರವಾಗಿ ಮನೆಗಳಿಗೆ ಹೋದರೆ ಅವರಿಗೂ ಬೇಸರ, ಮನೆಯವರಿಗೂ ಅನುಮಾನ. ವಾರ್ಡು ಸದಸ್ಯರಿಗೂ ಒಂದು ಮಾತು ತಿಳಿಸಿರಬೇಕು.

ಇನ್ನೊಂದು ಸಣ್ಣ ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. 2025ರ ಸ್ಥಳೀಯಾಡಳಿತ ಚುನಾವಣೆಗೆ ಮೊದಲು ಕೇರಳದಲ್ಲಿ ವಾರ್ಡುಗಳ ಪುನರ್ವಿಂಗಡಣೆ ನಡೆದಿದೆ. ಸಂಸ್ಥೆಯ ಹಳೆಯ ರಿಜಿಸ್ಟರಿನಲ್ಲಿರುವ ವಾರ್ಡು ಸಂಖ್ಯೆ ಈಗಿನದಕ್ಕೆ ಹೊಂದಿಕೆಯಾಗದಿರಬಹುದು. ಪಟ್ಟಿ ಹಿಡಿದು ಹೊರಡುವ ಮೊದಲು ಯಾವ ಮನೆ ಈಗ ಯಾವ ವಾರ್ಡಿನಲ್ಲಿದೆ ಎಂಬುದನ್ನು ಎಡಿಎಸ್‌ನವರ ಜೊತೆ ಕುಳಿತು ತಿದ್ದಿಕೊಂಡರೆ, ನಿಮ್ಮ ಇಂಟರ್ನ್‌ಶಿಪ್ಪಿನಿಂದ ಸಂಸ್ಥೆಗೆ ಸಿಗುವ ಮೊದಲ ಪ್ರಯೋಜನ ಅದೇ ಆಗುತ್ತದೆ.

ಮಲಯಾಳ ಲಿಪಿ ಓದಲು ಬಾರದವರು ಈ ವಾರದಲ್ಲೇ ಆರಂಭಿಸಬೇಕು. ಇಲ್ಲಿನ ಕನ್ನಡ ಮಾಧ್ಯಮದಲ್ಲಿ ಓದಿದವರಲ್ಲಿಯೂ ಮಲಯಾಳ ಸಲೀಸಾಗಿ ಮಾತನಾಡಿ, ಅಕ್ಷರ ಕಂಡರೆ ತಡವರಿಸುವವರು ಬಹಳ ಮಂದಿ. ಆದರೆ ಕಚೇರಿಗಳಿಂದ ಬರುವ ಆದೇಶ, ಅರ್ಜಿಯ ನಮೂನೆ, ಪೆನ್ಷನ್ ನಿಂತ ಕಾರಣ ತಿಳಿಸುವ ಪತ್ರ ಹೆಚ್ಚಾಗಿ ಆ ಲಿಪಿಯಲ್ಲೇ ಇರುತ್ತವೆ, ಅವನ್ನು ಓದಿ ಹೇಳಲು ಮನೆಯವರು ಅಕ್ಕಪಕ್ಕದವರನ್ನು ಕಾಯುತ್ತಿರುತ್ತಾರೆ. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಹಿಂದಕ್ಕೆ ಕೊಟ್ಟರೆ ಇದನ್ನು ವಿನಯದಿಂದ ನೆನಪಿಸಬಹುದು. ಆದರೆ ಕೆಲಸ ಬೇಗ ಆಗಬೇಕಿದ್ದರೆ ಕನ್ನಡ ಅರ್ಜಿಯ ಜೊತೆ ಮಲಯಾಳದ ಒಂದು ಪ್ರತಿಯನ್ನೂ ಇಟ್ಟುಕೊಡುವುದು ಜಾಣತನ. ಹಕ್ಕಿನ ವಾದವನ್ನು ಸಂಘಟನೆಗಳು ಮಾಡಲಿ, ಹಾಸಿಗೆಯಲ್ಲಿ ಮಲಗಿದವರ ಪೆನ್ಷನ್ನನ್ನು ಅದಕ್ಕೆ ಒತ್ತೆ ಇಡುವುದು ಬೇಡ.

ಮನೆಭೇಟಿ

ಇಂಟರ್ನ್‌ಶಿಪ್ಪಿನ ತಿರುಳು ಇದೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗದ ಸುತ್ತಮುತ್ತ ಅದರ ಪರಿಣಾಮವನ್ನು ಮೊದಲು ಗಮನಿಸಿದವರು ಊರಿನವರೇ. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಕಂಡ ಅಸಹಜತೆಯನ್ನು ಗುರುತಿಸಿದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಈ ಕೀಟನಾಶಕದ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಅದು ಹಲವರ ಕೈಗೆ ತಲುಪಲು ವರ್ಷಗಳೇ ಹಿಡಿದವು. ಈ ಅವಧಿಯಲ್ಲೆಲ್ಲ ಇಲ್ಲಿನ ಮನೆಗಳಿಗೆ ವೈದ್ಯಕೀಯ ತಂಡಗಳು, ಆಯೋಗಗಳು, ಛಾಯಾಗ್ರಾಹಕರು, ಸಂಶೋಧನಾ ವಿದ್ಯಾರ್ಥಿಗಳು ಬಂದು ಅದದೇ ಪ್ರಶ್ನೆಗಳನ್ನು ಕೇಳಿ ಹೋಗಿದ್ದಾರೆ. ಹಾಗಾಗಿ ನೀವು ಜಗಲಿಯಲ್ಲಿ ಕುಳಿತು ಪೆನ್ನು ತೆಗೆಯುವ ಮೊದಲೇ ತಾಯಿಯೊಬ್ಬರು ‘ಇದನ್ನೆಲ್ಲ ಮೊದಲೇ ಬರೆದುಕೊಂಡು ಹೋಗಿದ್ದಾರಲ್ಲ ಮಗಾ’ ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಅವರು ಹೇಳುವುದು ನಿಜ. ಸಂಸ್ಥೆಯ ಕಡತದಲ್ಲಿ ಈಗಾಗಲೇ ಇರುವ ಯಾವ ಮಾಹಿತಿಯನ್ನೂ ಮತ್ತೆ ಕೇಳಬಾರದೆಂಬುದನ್ನು ನಿಯಮವಾಗಿ ಇಟ್ಟುಕೊಳ್ಳಿ. ಹೋಗುವ ಮೊದಲು ಆ ಮನೆಯ ಕಡತ ಓದಿ, ಅದರಲ್ಲಿ ಖಾಲಿ ಇರುವುದನ್ನಷ್ಟೇ ಕೇಳಿ.

ಒಬ್ಬರೇ ಹೋಗಬೇಡಿ. ಪಾಲಿಯೇಟಿವ್ ನರ್ಸು, ಆಶಾ ಕಾರ್ಯಕರ್ತೆ ಅಥವಾ ಸಂಸ್ಥೆಯ ಹಿರಿಯ ಕಾರ್ಯಕರ್ತರ ಜೊತೆ ಹೋಗಿ, ಮೊದಲ ಕೆಲವು ಭೇಟಿಗಳಲ್ಲಿ ಸುಮ್ಮನೆ ಕುಳಿತು ನೋಡಿ. ಹೊತ್ತನ್ನು ಅವರ ಅನುಕೂಲಕ್ಕೆ ತಕ್ಕಂತೆ ಹಾಕಿಕೊಳ್ಳಬೇಕು: ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಮಹಿಳೆಯರು ಸಂಜೆಯವರೆಗೆ ಸಿಗುವುದಿಲ್ಲ, ಶುಕ್ರವಾರ ಮಧ್ಯಾಹ್ನ ಮುಸ್ಲಿಂ ಮನೆಗಳಿಗೆ ಹೋಗುವುದು ಸರಿಯಲ್ಲ, ಊರಿನಲ್ಲಿ ಕೋಲವೋ ಉರೂಸೋ ಇದ್ದರೆ ಆ ದಿನ ಪೂರ್ತಿ ಬಿಡುವುದೇ ಒಳ್ಳೆಯದು. ಹಿರಿಯರನ್ನು ಅವರ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆ ಕರೆಯಿರಿ. ಕನ್ನಡ, ತುಳು ಮನೆಗಳಲ್ಲಿ ಅಜ್ಜ, ಅಜ್ಜಿ, ಅಕ್ಕ, ಅಣ್ಣ ಸಲ್ಲುತ್ತದೆ, ಮಲಯಾಳ ಮನೆಯಲ್ಲಿ ಚೇಚಿ, ಚೇಟ. ‘ಫಲಾನುಭವಿ’ ಎಂಬುದು ಫಾರಂನಲ್ಲಿರಲಿ, ಮಾತಿನಲ್ಲಿ ಬೇಡ. ಕೊರಗರ ವಸತಿಗಳಿಗೆ ಹೋಗುವುದಿದ್ದರೆ ಎಸ್‌ಟಿ ಪ್ರೊಮೋಟರರ (ಪರಿಶಿಷ್ಟ ವರ್ಗ ಅಭಿವೃದ್ಧಿ ಇಲಾಖೆಯ ಕಾರ್ಯಕರ್ತರ) ಮೂಲಕ ಹೋಗಬೇಕು. ಅಲ್ಲಿ ಸರ್ವೆ ಅಥವಾ ಸಂಶೋಧನೆ ಮಾಡಬೇಕೆಂದಿದ್ದರೆ ಪರಿಶಿಷ್ಟ ವರ್ಗ ಅಭಿವೃದ್ಧಿ ಇಲಾಖೆಯ ಅನುಮತಿಯನ್ನು ಸಂಸ್ಥೆ ಮೊದಲೇ ಪಡೆದಿರಬೇಕು.

ಕುಳಿತು ಸ್ವಲ್ಪ ಹೊತ್ತಾದ ಮೇಲೆ ಬಹುತೇಕ ಮನೆಗಳಲ್ಲಿ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ಬರುತ್ತದೆ. ಬಟ್ಟೆ ಅಂಗಡಿಯ ಹಳೆಯ ಚೀಲವಾಗಿರಬಹುದು, ಅದರ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿರುತ್ತದೆ. ಒಳಗೆ ಪರಿಯಾರಂ, ಮಂಗಳೂರು ಆಸ್ಪತ್ರೆಗಳ ಡಿಸ್ಚಾರ್ಜ್ ಚೀಟಿಗಳು, ಮಸುಕಾದ ಸ್ಕ್ಯಾನ್ ವರದಿ, ರೇಷನ್ ಕಾರ್ಡಿನ ಫೋಟೋಕಾಪಿ, ಹಿಂದೊಮ್ಮೆ ಯಾರೋ ತುಂಬಿಸಿ ಅರ್ಧಕ್ಕೆ ಬಿಟ್ಟ ಅರ್ಜಿ, ತಾರೀಕು ಮುಗಿದ ಆದಾಯ ಪ್ರಮಾಣಪತ್ರ ಎಲ್ಲ ಒಟ್ಟಿಗಿರುತ್ತವೆ. ಇಂಟರ್ನ್ ಆಗಿ ನೀವು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಈ ಚೀಲದೊಳಗಿದೆ. ಮನೆಯವರ ಒಪ್ಪಿಗೆ ಪಡೆದು ಅವರೆದುರಿಗೇ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಮೇಲೆ ಒಂದು ಹಾಳೆಯಲ್ಲಿ ಅವರಿಗೆ ಓದಲು ಬರುವ ಭಾಷೆಯಲ್ಲಿ ಏನೇನಿದೆ, ಏನಿಲ್ಲ ಎಂದು ಬರೆದಿಡಿ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿದೆಯೇ, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದಲ್ಲಿ ಶೇಕಡಾವಾರು 40ಕ್ಕೆ ಕಡಿಮೆ ಇಲ್ಲವಷ್ಟೇ (2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಹಲವು ಸೌಲಭ್ಯಗಳಿಗೆ ಅದೇ ಗಡಿ), ಪೆನ್ಷನ್ನಿನ ವಾರ್ಷಿಕ ಮಸ್ಟರಿಂಗ್ (ಪೆನ್ಷನ್ ಪಡೆಯುವವರು ಬದುಕಿದ್ದಾರೆಂದು ಅಕ್ಷಯ ಎಂಬ ಸರ್ಕಾರಿ ಸೇವಾ ಕೇಂದ್ರದ ಮೂಲಕ ಖಚಿತಪಡಿಸುವುದು) ಆಗಿದೆಯೇ, ಆರೈಕೆ ಮಾಡುವವರಿಗಿರುವ ಆಶ್ವಾಸಕಿರಣಂ, ಸಂತ್ರಸ್ತರಿಗಿರುವ ಸ್ನೇಹಸಾಂತ್ವನಂ ಸಹಾಯಧನಗಳು ಬರುತ್ತಿವೆಯೇ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಪ್ರಶ್ನಾವಳಿ ಹಿಡಿದು ಕೇಳಿದರೆ ಇದರಲ್ಲಿ ಅರ್ಧವೂ ಸಿಗುವುದಿಲ್ಲ, ಸಿಕ್ಕಿದ್ದೂ ಸರಿಯಿರುವುದಿಲ್ಲ.

ಭರವಸೆ ಕೊಡಬೇಡಿ. ‘ಸಂಸ್ಥೆಯಲ್ಲಿ ಹೇಳುತ್ತೇನೆ, ಇಂಥ ದಿನ ಏನಾಯಿತೆಂದು ತಿಳಿಸುತ್ತೇನೆ’ ಎಂದಷ್ಟೇ ಹೇಳಿ, ಆ ದಿನ ಏನೂ ಆಗದಿದ್ದರೂ ಫೋನು ಮಾಡಿ ಆಗಿಲ್ಲವೆಂದು ತಿಳಿಸಿ. ಬಂದು ಹೋದವರಲ್ಲಿ ಹಾಗೆ ಫೋನು ಮಾಡಿದವರು ಕಡಿಮೆ.

ಫೋಟೋದ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಕಟ್ಟುನಿಟ್ಟು. ಅಂಗವಿಕಲ ಮಗುವಿನ, ಹಾಸಿಗೆ ಹಿಡಿದವರ ಫೋಟೋ ಇಂಟರ್ನ್‌ನ ವರದಿಗೆ ಬೇಕಾಗಿಲ್ಲ. ಸಂಸ್ಥೆಗೆ ಬೇಕಿದ್ದರೆ ಸಂಸ್ಥೆಯ ಕ್ಯಾಮೆರಾದಲ್ಲಿ, ಯಾವುದಕ್ಕೆ ಬಳಸುತ್ತಾರೆಂದು ವಿವರಿಸಿ, ಲಿಖಿತ ಒಪ್ಪಿಗೆ ಪಡೆದು ತೆಗೆಯಲಿ. ಆಧಾರ್, ರೇಷನ್ ಕಾರ್ಡುಗಳನ್ನು ನಿಮ್ಮ ಸ್ವಂತ ಫೋನಿನಲ್ಲಿ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಎಲ್ಲೆಡೆ ಇದೆ, ಎಲ್ಲರೂ ಮಾಡುತ್ತಾರೆಂದು ನೀವೂ ಮಾಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆಯನ್ನು ಕೇಳುತ್ತದೆ. ಕಾಯಿದೆ ಬದಿಗಿರಲಿ, ನಮ್ಮ ಮನೆಯ ಕಾಗದಗಳು ಊರವರ ಫೋನಿನಲ್ಲಿ ಓಡಾಡುವುದನ್ನು ನಾವೂ ಸಹಿಸುವುದಿಲ್ಲವಷ್ಟೇ.

ಟಿಪ್ಪಣಿ ಬರೆಯುವುದು

ಮನೆಭೇಟಿಯ ಟಿಪ್ಪಣಿಯನ್ನು ಆ ದಿನವೇ ಬರೆಯಬೇಕು. ಹೊಸಬರ ಟಿಪ್ಪಣಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಈ ಕುಟುಂಬವು ಬಹಳ ಸಂಕಷ್ಟದಲ್ಲಿದ್ದು, ತಾಯಿಯು ಮಗನ ಆರೈಕೆಯಲ್ಲಿ ತನ್ನ ಜೀವನವನ್ನೇ ಸವೆಸುತ್ತಿದ್ದಾರೆ. ಸರ್ಕಾರದ ಸೌಲಭ್ಯಗಳು ಇವರಿಗೆ ತಲುಪಬೇಕಾಗಿದೆ.’ ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇದನ್ನು ಓದಿದ ಮುಂದಿನವರು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಅದೇ ಮನೆಯನ್ನು ಹೀಗೆ ಬರೆಯಬಹುದು (ಇದು ಉದಾಹರಣೆಗೆಂದು ಕಟ್ಟಿದ್ದು):

‘ತಾಯಿಗೆ ಸುಮಾರು 60 ವರ್ಷ, ಮಗನಿಗೆ 31, ಎದ್ದು ಕೂರಲಾರ. ಪೆನ್ಷನ್ ಓಣಂವರೆಗೆ ಬಂದಿದೆ, ಬಳಿಕ ಬಂದಿಲ್ಲ. ಮಸ್ಟರಿಂಗ್ ಆಗಿಲ್ಲ, ಮಗನನ್ನು ಅಕ್ಷಯ ಕೇಂದ್ರಕ್ಕೆ ಎತ್ತಿಕೊಂಡು ಹೋಗಲು ಜನವಿಲ್ಲ ಎಂದು ತಾಯಿ ಹೇಳಿದರು. ಮನೆಗೆ ಬಂದು ಮಸ್ಟರಿಂಗ್ ಮಾಡುವಂತೆ ಅಕ್ಷಯದವರನ್ನು ಕೇಳಬೇಕು, ನಾಳೆ ಬೆಳಿಗ್ಗೆ ನಾನೇ ಫೋನು ಮಾಡುತ್ತೇನೆ. ಯುಡಿಐಡಿ ಕಾರ್ಡು ಕಣ್ಣಾರೆ ನೋಡಿದೆ. ವಾಟರ್‌ಬೆಡ್ ತೂತಾಗಿದೆ, ಪಾಲಿಯೇಟಿವ್ ನರ್ಸಿಗೆ ಇಂದೇ ತಿಳಿಸಿದೆ.’

ನೋಡಿದ್ದು ಯಾವುದು, ಅವರು ಹೇಳಿದ್ದು ಯಾವುದು, ಮಾಡಬೇಕಾದದ್ದು ಯಾವುದು, ಯಾರು ಮಾಡುವುದು ಎಂಬುದು ಇದರಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ನೀವು ಕಾಲೇಜಿಗೆ ಮರಳಿದ ಆರು ತಿಂಗಳ ಬಳಿಕವೂ ಈ ಟಿಪ್ಪಣಿಯನ್ನು ಹಿಡಿದು ಇನ್ನೊಬ್ಬರು ಕೆಲಸ ಮುಂದುವರಿಸಬಹುದು. ಸೇವಾಸಂಸ್ಥೆಯ ಇಂಟರ್ನ್‌ಶಿಪ್ಪಿನಲ್ಲಿ ಕಲಿಯಬಹುದಾದ ಕಸುಬೊಂದಿದ್ದರೆ ಅದು ಇದು. ಮುಂದೆ ಯಾವ ಉದ್ಯೋಗಕ್ಕೆ ಹೋದರೂ ಉಪಯೋಗಕ್ಕೆ ಬೀಳುತ್ತದೆ.

ಹಣದ ಲೆಕ್ಕ

ಬಸ್ಸಿನ ಟಿಕೆಟು, ಆಟೋ ಬಾಡಿಗೆ, ಜೆರಾಕ್ಸ್, ಸಭೆಯ ಚಹಾ ಎಲ್ಲದಕ್ಕೂ ಆ ದಿನವೇ ವೌಚರ್ ಬರೆಯಿರಿ. ಟಿಕೆಟಿನ ಮುದ್ರಣ ಕೆಲವೇ ವಾರಗಳಲ್ಲಿ ಮಾಸಿಹೋಗುವುದರಿಂದ ಅದರ ಬದಿಯಲ್ಲಿ ಪೆನ್ನಿನಿಂದ ತಾರೀಕು, ಮೊತ್ತ ಬರೆದು ಅಂಟಿಸಬೇಕು. ಖರ್ಚಾಗದ್ದನ್ನು ಖರ್ಚಾಗಿದೆಯೆಂದು ಬರೆಯಲು, ಹಾಜರಾಗದವರ ಸಹಿ ಹಾಕಲು ಯಾರಾದರೂ ಹೇಳಿದರೆ, ಅದು ಎಷ್ಟೇ ಸಣ್ಣ ಮೊತ್ತದ್ದಾಗಿರಲಿ, ಒಪ್ಪಬೇಡಿ ಮತ್ತು ಕಾಲೇಜಿನ ಮಾರ್ಗದರ್ಶಕರಿಗೆ ತಿಳಿಸಿ.

ಮಕ್ಕಳ ರಕ್ಷಣೆ, ನಿಮ್ಮ ರಕ್ಷಣೆ

ಮಕ್ಕಳ ಜೊತೆ ಕೆಲಸವಿದ್ದರೆ ಸಂಸ್ಥೆಯ ಮಕ್ಕಳ ರಕ್ಷಣಾ ನೀತಿಯನ್ನು ಓದಿ ಸಹಿ ಮಾಡಬೇಕು, ಅಂಥ ನೀತಿಯೇ ಇಲ್ಲವೆಂದರೆ ಅದನ್ನು ಸಂಸ್ಥೆಯ ದೊಡ್ಡ ಕೊರತೆಯೆಂದೇ ತಿಳಿಯಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ ಪೊಲೀಸರಿಗೆ ವರದಿ ಮಾಡುವುದು 2012ರ ಪೋಕ್ಸೋ ಕಾಯಿದೆಯಂತೆ ಪ್ರತಿಯೊಬ್ಬರ ಕರ್ತವ್ಯ, ಇಂಟರ್ನ್‌ಗೂ ವಿನಾಯಿತಿ ಇಲ್ಲ. ಮೇಲಿನವರು ನೋಡಿಕೊಳ್ಳುತ್ತಾರೆಂದು ಸುಮ್ಮನಿರಬಾರದು, ಸ್ವತಃ ವಿಚಾರಣೆಗೂ ಇಳಿಯಬಾರದು. ಮಕ್ಕಳ ಸಹಾಯವಾಣಿ 1098. ರಕ್ಷಣೆಯಲ್ಲಿರುವ ಮಕ್ಕಳ ಗುರುತನ್ನು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯಿದೆಯಲ್ಲಿ ಅಪರಾಧ, ಕಾಲೇಜಿನ ವರದಿಯಲ್ಲಿಯೂ ಹೆಸರು, ಊರು ಬರಬಾರದು.

ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯಿದೆ ತರಬೇತಿಗೆ ಬಂದವರಿಗೂ, ಸಂಬಳವಿಲ್ಲದೆ ದುಡಿಯುವವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕತ್ತಲಾದ ಮೇಲೆ ಒಳದಾರಿಗಳಿಂದ ಕೊನೆಯ ಬಸ್ಸು ಹಿಡಿಯುವ ಪರಿಸ್ಥಿತಿ ಬಾರದ ಹಾಗೆ ದಿನವನ್ನು ಯೋಜಿಸಿಕೊಳ್ಳಿ. ಮಳೆಗಾಲದಲ್ಲಿ ತೋಟ, ಗದ್ದೆಗಳ ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆಯುವುದು ಬೇಡ, ಇಲಿಜ್ವರ ಕೇರಳದಲ್ಲಿ ಪ್ರತಿ ಮಳೆಗಾಲದ ತೊಂದರೆ. ಜ್ವರ ಬಂದರೆ ವೈದ್ಯರಲ್ಲಿ ಫೀಲ್ಡಿಗೆ ಹೋಗಿದ್ದ ವಿಷಯವನ್ನೂ ಹೇಳಬೇಕು.

ಬೇಸರ ಬಂದಾಗ

ಮೂರನೆಯ ವಾರದ ಹೊತ್ತಿಗೆ ಹೆಚ್ಚಿನವರಿಗೆ ಒಂದೋ ಕೆಲಸವೇ ಇಲ್ಲವೆನಿಸುತ್ತದೆ, ಇಲ್ಲವೇ ಟೈಪಿಂಗ್ ಮಾತ್ರ ಮಾಡಿಸುತ್ತಿದ್ದಾರೆ ಎನಿಸುತ್ತದೆ. ಟೈಪಿಂಗ್ ಕೆಲಸವನ್ನು ಕೀಳೆಂದು ನಾನು ಹೇಳುವುದಿಲ್ಲ. ನೂರು ಮನೆಗಳ ಪಟ್ಟಿಯನ್ನು ಟೈಪು ಮಾಡುವವರಿಗೆ, ಒಂದೇ ವಾರ್ಡಿನಲ್ಲಿ ಯಾಕಿಷ್ಟು ಮಂದಿಯ ಅರ್ಜಿ ತಿರಸ್ಕೃತವಾಗಿದೆ ಎಂಬುದು ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳಬಹುದು. ಆದರೆ ಒಪ್ಪಿಗೆಯಲ್ಲಿ ಬರೆದ ಕೆಲಸ ಆರಂಭವೇ ಆಗಿಲ್ಲವೆಂದರೆ ಆ ಪತ್ರವನ್ನು ಮುಂದಿಟ್ಟು ಮೇಲುಸ್ತುವಾರಿಯವರ ಬಳಿ ಮಾತನಾಡಿ. ಅವರಿಗೂ ನಿಮ್ಮನ್ನು ಮರೆತದ್ದಲ್ಲದೆ ಬೇರೆ ಕಾರಣವಿರುವುದು ಅಪರೂಪ, ಒಬ್ಬರೇ ಲೆಕ್ಕಪತ್ರ, ತರಬೇತಿ, ಕಚೇರಿಯ ಓಡಾಟ ಎಲ್ಲವನ್ನೂ ನೋಡುವಲ್ಲಿ ಹೀಗಾಗುತ್ತದೆ.

ಸಂಸ್ಥೆಯ ಒಳಗಿನ ಜಗಳಗಳೂ ಕಿವಿಗೆ ಬೀಳುತ್ತವೆ. ಸ್ಥಾಪಕರ ಮಾತೇ ಅಂತಿಮವೆಂಬ ಅಸಮಾಧಾನ, ಸಂಬಳ ತಡವಾದ ಸಂಕಟ, ಪಕ್ಕದ ಸಂಸ್ಥೆಯ ಮೇಲಿನ ಪೈಪೋಟಿ, ಪಕ್ಷ ರಾಜಕೀಯದ ಎಳೆದಾಟ ಇಲ್ಲಿಯೂ ಇವೆ. ಇವನ್ನು ಗಮನಿಸಿ, ಆದರೆ ಯಾರ ಪರವಾಗಿಯೂ ನಿಲ್ಲಬೇಡಿ. ಎರಡು ತಿಂಗಳಿಗೆಂದು ಬಂದವರಿಗೆ ಇಪ್ಪತ್ತು ವರ್ಷದ ಮನಸ್ತಾಪದ ಮೂಲ ಗೊತ್ತಿರುವುದಿಲ್ಲ.

ಮುಗಿಸುವಾಗ

ಕೊನೆಯ ವಾರದಲ್ಲಿ ಹೊಸ ಮನೆಭೇಟಿ ಇಟ್ಟುಕೊಳ್ಳಬೇಡಿ, ಆ ವಾರ ಹಸ್ತಾಂತರಕ್ಕೆ ಮೀಸಲಾಗಿರಲಿ. ಯಾವ ಮನೆಯ ಯಾವ ಅರ್ಜಿ ಯಾವ ಕಚೇರಿಯಲ್ಲಿದೆ, ರಶೀದಿ ಸಂಖ್ಯೆ ಏನು, ಮುಂದೆ ಯಾವಾಗ ಯಾರು ವಿಚಾರಿಸಬೇಕು ಎಂಬ ಪಟ್ಟಿಯನ್ನು ಒಂದು ಎಕ್ಸೆಲ್ ಕಡತದಲ್ಲಿ ಮಾಡಿ ಸಂಸ್ಥೆಗೂ, ಆಯಾ ವಾರ್ಡಿನ ಎಡಿಎಸ್‌ನವರಿಗೂ ಒಂದೊಂದು ಪ್ರತಿ ಕೊಡಿ. ಎಡಿಎಸ್‌ನವರ ಪ್ರತಿಯಲ್ಲಿ ಕಾಯಿಲೆಯ ವಿವರಗಳು ಬೇಡ, ಅರ್ಜಿಯ ವಿವರಗಳಷ್ಟೇ ಸಾಕು. ನೀವು ದಿನ ಹೇಳಿ ಬಂದ ಮನೆಗಳಿಗೆಲ್ಲ ಫೋನು ಮಾಡಿ, ಇನ್ನು ಮುಂದೆ ಯಾರನ್ನು ಕೇಳಬೇಕೆಂದು ತಿಳಿಸಿ. ನಿಮ್ಮ ಫೋನು, ಲ್ಯಾಪ್‌ಟಾಪಿನಲ್ಲಿರುವ ಮನೆಗಳ ಮಾಹಿತಿಯನ್ನು ಮೇಲುಸ್ತುವಾರಿಯವರ ಎದುರಿಗೇ ಅಳಿಸಿಬಿಡುವುದು ಒಳ್ಳೆಯದು.

ಕಾಲೇಜಿನ ವರದಿಯಲ್ಲಿ ಸಂಸ್ಥೆಯ ಧ್ಯೇಯೋದ್ದೇಶಗಳನ್ನು ಕರಪತ್ರದಿಂದ ನಕಲು ಮಾಡಿ ಪುಟ ತುಂಬಿಸುವುದು ಪದ್ಧತಿಯಾಗಿಬಿಟ್ಟಿದೆ. ಅದಕ್ಕೆ ಒಂದು ಪುಟ ಕೊಟ್ಟು, ಉಳಿದುದನ್ನು ನಿಮಗೆ ವಹಿಸಿದ ಕೆಲಸ, ಅದು ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬುದಕ್ಕೆ ಬಳಸಿ. ಮನೆಗಳ ಹೆಸರಿನ ಬದಲು ಸಂಕೇತ ಅಕ್ಷರ ಹಾಕಿ, ಊರು ಚಿಕ್ಕದಾದರೆ ವಾರ್ಡು ಸಂಖ್ಯೆಯನ್ನೂ ಬಿಡಬೇಕಾಗುತ್ತದೆ, ಏಕೆಂದರೆ ಕಾಯಿಲೆಯ ಹೆಸರೊಂದೇ ಸಾಕು, ಊರವರು ಮನೆಯನ್ನು ಗುರುತಿಸುತ್ತಾರೆ. ವರದಿಯನ್ನು ಕಾಲೇಜಿಗೆ ಕೊಡುವ ಮೊದಲು ಸಂಸ್ಥೆಯವರಿಗೆ ಓದಲು ಕೊಡಿ. ತಪ್ಪುಗಳನ್ನು ಅವರು ತಿದ್ದಲಿ, ಅಭಿಪ್ರಾಯಗಳನ್ನು ತಿದ್ದಬೇಕೆಂದರೆ ಚರ್ಚಿಸಿ ನಿಮ್ಮ ಮಾತನ್ನು ಉಳಿಸಿಕೊಳ್ಳಬಹುದು.

ಸರ್ಟಿಫಿಕೇಟಿನಲ್ಲಿ ಆರಂಭದ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆ, ಮಾಡಿದ ಕೆಲಸದ ಒಂದು ಸಾಲಿನ ವಿವರ, ಸಂಸ್ಥೆಯ ನೋಂದಣಿ ಸಂಖ್ಯೆ, ಸಹಿ ಮಾಡಿದವರ ಹುದ್ದೆ ಮತ್ತು ಮೊಹರು ಇವೆಯೇ ಎಂದು ಕಚೇರಿಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ಗಂಟೆಗಳನ್ನು ನಮೂದಿಸದ ಸರ್ಟಿಫಿಕೇಟನ್ನು ಕಾಲೇಜಿನವರು ವಾಪಸು ಕಳಿಸಿದರೆ ಅದನ್ನು ತಿದ್ದಿಸಲು ಮತ್ತೆ ಅಷ್ಟು ದೂರ ಬರಬೇಕಾಗುತ್ತದೆ, ಹಾಜರಾತಿ ಪುಸ್ತಕದ ನಿಮ್ಮ ಪುಟಗಳ ಒಂದು ಪ್ರತಿಯನ್ನೂ ಸಹಿ ಹಾಕಿಸಿ ಜೊತೆಗಿಟ್ಟುಕೊಂಡರೆ ಆ ಚಿಂತೆ ಇರುವುದಿಲ್ಲ.